ಕೋರಾ ಬಟ್ಟೆಗೆ ಬಣ್ಣ ಕುಡಿಸುವುದು: ಹೆಲೆನ್ ಫ್ರಾಂಕೆಂಥಾಲರ್ ವಿಧಾನ, ನನ್ನ ಅನುಭವ

ಅಂಗಡಿಯಿಂದ ತಂದ ಕೋರಾ ಕ್ಯಾನ್ವಾಸಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ದುಂಡಗೆ ಕೂತರೆ ಆ ಬಟ್ಟೆ ಇನ್ನೂ ತಯಾರಾಗಿಲ್ಲ. ಎರಡು ಮೂರು ಸೆಕೆಂಡಿನಲ್ಲಿ ಹನಿ ಒಳಗಿಳಿದು, ಹಾಸು ಹೊಕ್ಕಿನ ಎಳೆ ಹಿಡಿದು ನಾಲ್ಕೂ ಕಡೆ ಹರಡಿದರೆ ಕೆಲಸ ಶುರು ಮಾಡಬಹುದು. ಅಮೆರಿಕದ ಅಮೂರ್ತ ಚಿತ್ರಕಾರ್ತಿ ಹೆಲೆನ್ ಫ್ರಾಂಕೆಂಥಾಲರ್ ಚಿತ್ರ ಮಾಡುತ್ತಿದ್ದ ರೀತಿಯನ್ನು ಕೈಯಾರೆ ಮಾಡಿ ನೋಡಬೇಕು ಎನ್ನುವವರು ಮೊದಲು ಈ ಹನಿಯನ್ನು ಓದಲು ಕಲಿಯಬೇಕು. ಬಣ್ಣ ಸುರಿಯುವುದು ಆಮೇಲಿನ ಮಾತು. ಇಲ್ಲಿ ಅರ್ಧ ಕೆಲಸ ಬಟ್ಟೆಯದು, ಆ ಬಟ್ಟೆಯ ಹದ ತಿಳಿಯದೆ ಎಷ್ಟು ಒಳ್ಳೆಯ ಬಣ್ಣ ತಂದರೂ ದಂಡ.

ಫ್ರಾಂಕೆಂಥಾಲರ್ ಹುಟ್ಟಿದ್ದು 1928ರಲ್ಲಿ, ನ್ಯೂಯಾರ್ಕಿನಲ್ಲಿ. ತಂದೆ ಅಲ್ಲಿನ ರಾಜ್ಯ ನ್ಯಾಯಾಲಯದಲ್ಲಿ ನ್ಯಾಯಾಧೀಶರು. ಶಾಲೆಯಲ್ಲಿ ಮೆಕ್ಸಿಕೋದ ಚಿತ್ರಕಾರ ರೂಫಿನೋ ತಮಾಯೊ, ಬೆನಿಂಗ್ಟನ್ ಕಾಲೇಜಿನಲ್ಲಿ ಪಾಲ್ ಫೀಲಿ, ಅಲ್ಲಿಂದ ಹೊರಬಂದ ಮರುವರ್ಷ 1950ರಲ್ಲಿ ಹಾನ್ಸ್ ಹಾಫ್‌ಮನ್, ಹೀಗೆ ಗಟ್ಟಿ ಗುರುಗಳ ಕೈಕೆಳಗೆ ಪಳಗಿದವರು. ಅದೇ 1950ರಲ್ಲಿ ಬೆಟಿ ಪಾರ್ಸನ್ಸ್ ಗ್ಯಾಲರಿಯಲ್ಲಿ ಅಮೆರಿಕದ ಚಿತ್ರಕಾರ ಜಾಕ್ಸನ್ ಪೊಲಾಕ್ ಚಿತ್ರಗಳನ್ನು ಕಂಡರು. ಮುಂದಿನ ವರ್ಷ ಲಾಂಗ್ ಐಲ್ಯಾಂಡಿನಲ್ಲಿದ್ದ ಪೊಲಾಕ್ ಮನೆಗೇ ಹೋಗಿ ಬಂದರು. ಪೊಲಾಕ್ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಸುತ್ತ ನಡೆದಾಡುತ್ತ, ಕೋಲಿನಿಂದ ಎನಾಮೆಲ್ ಬಣ್ಣದ ದಾರ ಬಿಡುತ್ತಿದ್ದರು. ಆ ದಾರಗಳಲ್ಲಿ ಹೆಚ್ಚಿನವು ಬಟ್ಟೆಯ ಮೇಲೆ ಒಣಗಿ ಗಟ್ಟಿಯಾಗಿ ಕೂರುತ್ತವೆ. ಆದರೆ 1951ರ ಅವರ ಕಪ್ಪು ಚಿತ್ರಗಳಲ್ಲಿ ತೆಳು ಮಾಡಿದ ಎನಾಮೆಲ್ ಅಲ್ಲಲ್ಲಿ ಬಟ್ಟೆಯೊಳಕ್ಕೆ ಇಳಿದುಬಿಟ್ಟಿದೆ. ಫ್ರಾಂಕೆಂಥಾಲರ್ ಹಿಡಿದುಕೊಂಡದ್ದು ಆ ಇಳಿಯುವಿಕೆಯನ್ನು. ಪೊಲಾಕ್ ಬಳಿ ಗೆರೆಯಾಗಿದ್ದದ್ದು ಇವರ ಕೈಯಲ್ಲಿ ಮಡುವಾಯಿತು.

1952ರ ಬೇಸಿಗೆಯಲ್ಲಿ ಕೆನಡಾದ ನೋವಾ ಸ್ಕೋಷಿಯಾ ಕಡಲತೀರದಲ್ಲಿ ಒಂದಷ್ಟು ಜಲವರ್ಣ ಚಿತ್ರ ಮಾಡಿಕೊಂಡು ಬಂದಿದ್ದರು. ಅಕ್ಟೋಬರ್ 26ರಂದು ನ್ಯೂಯಾರ್ಕಿನ 23ನೇ ರಸ್ತೆಯ ಸ್ಟುಡಿಯೋದಲ್ಲಿ ಸುಮಾರು 219 ಸೆಂ.ಮೀ. ಎತ್ತರ, 298 ಸೆಂ.ಮೀ. ಅಗಲದ ಹತ್ತಿ ಬಟ್ಟೆಯನ್ನು ನೆಲಕ್ಕೆ ಹಾಸಿದರು. ಸರೇಸಿನ ಅಂಟೂ ಇಲ್ಲ, ಬಿಳಿ ಲೇಪವೂ ಇಲ್ಲ, ಬರೀ ಬಟ್ಟೆ. ಇದ್ದಲಿನಿಂದ ಒಂದಷ್ಟು ಗೆರೆ, ಆಮೇಲೆ ಟರ್ಪೆಂಟೈನ್ ಬೆರೆಸಿ ನೀರಾಗಿಸಿದ ತೈಲವರ್ಣ. ಕಾಫಿ ಡಬ್ಬಿಗಳಲ್ಲಿ ಕಲಸಿಟ್ಟ ತಿಳಿ ಗುಲಾಬಿ, ನೀಲಿ, ಹಸಿರು. ಅದೇ 'ಮೌಂಟನ್ಸ್ ಅಂಡ್ ಸೀ'. ಆಗ ಅವರಿಗೆ 23 ವರ್ಷ. ಮರುವರ್ಷ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ ವಾಷಿಂಗ್ಟನ್‌ನ ಚಿತ್ರಕಾರರಾದ ಮಾರಿಸ್ ಲೂಯಿಸ್ ಮತ್ತು ಕೆನೆತ್ ನೋಲ್ಯಾಂಡ್ ಅವರನ್ನು ಕರೆತಂದು ಆ ಚಿತ್ರ ತೋರಿಸಿದರು. ಪೊಲಾಕ್‌ಗೂ ಮುಂದೆ ಸಾಧ್ಯವಿದ್ದದ್ದಕ್ಕೂ ಈಕೆ ಸೇತುವೆ ಎಂದು ಲೂಯಿಸ್ ಹೇಳಿದ ಮಾತು ಪ್ರಸಿದ್ಧ. ಇಬ್ಬರೂ ಊರಿಗೆ ಮರಳಿ ಬಣ್ಣ ಕುಡಿಸುವುದನ್ನೇ ಹಿಡಿದರು. ಬಟ್ಟೆಗೆ ಬಿದ್ದದ್ದನ್ನೂ ಕನ್ನಡದಲ್ಲಿ ಕಲೆ ಎನ್ನುತ್ತೇವೆ, ಚಿತ್ರವನ್ನೂ ಕಲೆ ಎನ್ನುತ್ತೇವೆ. ಈ ವಿಧಾನಕ್ಕೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಭಾಷೆಯಲ್ಲಿ ಸಿಗಲಾರದು.

ಮೊದಲ ಪ್ರಶ್ನೆ ಎಣ್ಣೆಯೋ, ನೀರಿನಲ್ಲಿ ಕಲಸುವ ಆಕ್ರಿಲಿಕ್ಕೋ ಎನ್ನುವುದು. 1952ರಲ್ಲಿ ಫ್ರಾಂಕೆಂಥಾಲರ್ ಮಾಡಿದಂತೆಯೇ ಮಾಡುತ್ತೇನೆ ಎಂದು ದೊಡ್ಡ ಬಟ್ಟೆಗೆ ತೈಲವರ್ಣ ಸುರಿಯಬೇಡಿ. ತೈಲವರ್ಣದಲ್ಲಿ ಕಣಗಳನ್ನು ಹಿಡಿದಿಡುವುದು ಅಗಸೆ ಎಣ್ಣೆ. ಟರ್ಪೆಂಟೈನ್ ಆರಿಹೋಗುತ್ತದೆ, ಎಣ್ಣೆ ಉಳಿಯುತ್ತದೆ. ಆ ಎಣ್ಣೆ ಬಣ್ಣದ ಕಣಕ್ಕಿಂತ ದೂರ ಓಡುತ್ತದೆ. ಹಾಗಾಗಿ ಪ್ರತಿ ಬಣ್ಣದ ಸುತ್ತ ಹಪ್ಪಳ ಸುತ್ತಿಟ್ಟ ಕಾಗದದಲ್ಲಿ ಕಾಣುವಂಥ ಜಿಡ್ಡಿನ ಅಂಚು ಮೂಡುತ್ತದೆ, ವರ್ಷ ಕಳೆದಂತೆ ಅದು ಹಳದಿ ತಿರುಗಿ ಕಂದಾಗುತ್ತದೆ. 'ಮೌಂಟನ್ಸ್ ಅಂಡ್ ಸೀ'ಯಲ್ಲೂ ಆ ಅಂಚು ಇದೆ. ಅಂದಕ್ಕಿಂತ ದೊಡ್ಡ ತೊಂದರೆ ಬಾಳಿಕೆಯದು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವಾಗ ಆಮ್ಲ ಬಿಡುತ್ತದೆ, ಆ ಆಮ್ಲ ಹತ್ತಿಯ ನಾರನ್ನು ತಿನ್ನುತ್ತದೆ. ಬಟ್ಟೆ ಮೆಲ್ಲಗೆ ಬಿರುಸಾಗಿ, ಮಡಿಸಿದರೆ ಮುರಿಯುವ ಸ್ಥಿತಿಗೆ ಬರುತ್ತದೆ. ತೈಲವರ್ಣಕ್ಕೆ ಮೊದಲು ಕ್ಯಾನ್ವಾಸಿಗೆ ಸರೇಸು ಬಳಿಯುವ ಹಳೆಯ ಪದ್ಧತಿ ಎಣ್ಣೆಯನ್ನೂ ನಾರನ್ನೂ ಬೇರೆ ಇಡುವುದಕ್ಕೇ ಇದ್ದದ್ದು.

ಆದರೂ ಎಣ್ಣೆಯ ಗುಣ ಕಣ್ಣಾರೆ ಕಾಣಬೇಕೆಂದರೆ ಅಂಗೈಯಗಲದ ನಾಲ್ಕು ತುಂಡು ಬಟ್ಟೆ ಸಾಕು. ಒಂದು ಚಮಚ ಬಣ್ಣಕ್ಕೆ ಆರು ಚಮಚ ಟರ್ಪೆಂಟೈನ್ ಕಲಸಿ ಹನಿಸಿ, ಒಂದು ದಿನ ಬಿಟ್ಟು ಬೆಳಕಿಗೆ ಹಿಡಿದು ನೋಡಿ. ಕಿಟಕಿ ಬಾಗಿಲು ತೆರೆದಿರಲಿ, ಒಲೆ ದೀಪ ಹತ್ತಿರ ಇರಬಾರದು. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಅಗಸೆ ಎಣ್ಣೆ ಹೀರಿದ ಬಟ್ಟೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ.

ಫ್ರಾಂಕೆಂಥಾಲರ್ ಕೂಡ 1960ರ ದಶಕದ ಮೊದಲಲ್ಲೇ ಆಕ್ರಿಲಿಕ್‌ಗೆ ಬಂದರು. ಆಕ್ರಿಲಿಕ್ ಅಂಟು ಹತ್ತಿಯನ್ನು ಕೆಡಿಸುವುದಿಲ್ಲ, ಜಿಡ್ಡಿನ ಅಂಚೂ ಬರುವುದಿಲ್ಲ. ಆದರೆ ಸ್ವಭಾವವೇ ಬೇರೆ. ಟರ್ಪೆಂಟೈನ್ ಬಟ್ಟೆಯನ್ನು ತಕ್ಷಣ ಒದ್ದೆ ಮಾಡಿ ಮೃದುವಾಗಿ ಹರಡುತ್ತದೆ. ನೀರಿಗೆ ಹಾಗೆ ಹರಡಲು ಬಲವಂತ ಬೇಕು. ಹಾಗಾಗಿ ಆಕ್ರಿಲಿಕ್ ಅಂಚು ಹೆಚ್ಚು ಖಚಿತ, ಬಣ್ಣ ಹೆಚ್ಚು ತುಂಬು. 1963ರ 'ದ ಬೇ' ಚಿತ್ರವನ್ನೂ 1952ರ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಈ ವ್ಯತ್ಯಾಸ ತಟ್ಟನೆ ಕಾಣುತ್ತದೆ. 1952ರದರಲ್ಲಿ ಮಂಜು, 1963ರದರಲ್ಲಿ ಮೋಡ. ನಾನು ಮಾಡುವುದೆಲ್ಲ ಆಕ್ರಿಲಿಕ್‌ನಲ್ಲಿ. ಮುಂದೆ ಹೇಳುವ ಅಳತೆಗಳೆಲ್ಲ ಅದಕ್ಕೇ.

ಈಗ ಬಟ್ಟೆ. ಚದರ ಮೀಟರಿಗೆ 340ರಿಂದ 400 ಗ್ರಾಂ ತೂಗುವ, ಒತ್ತಾಗಿ ನೇಯ್ದ ಹತ್ತಿ ಕ್ಯಾನ್ವಾಸು ಬೇಕು. ಅಂಗಡಿಯಲ್ಲಿ 10 ಔನ್ಸ್, 12 ಔನ್ಸ್ ಎಂದು ಕೇಳಿದರೆ ಇದೇ ಸಿಗುತ್ತದೆ. ಇದಕ್ಕಿಂತ ತೆಳುವಾದರೆ ಬಣ್ಣ ಸೋರಿ ನೆಲ ಸೇರುತ್ತದೆ, ಚೌಕಟ್ಟಿಗೆ ಬಿಗಿದಾಗ ಜೋಲುತ್ತದೆ. ಪಾಲಿಯೆಸ್ಟರ್ ಬೆರಕೆ ಬೇಡ, ಅದು ನೀರು ಕುಡಿಯುವುದಿಲ್ಲ. ಅನುಮಾನ ಬಂದರೆ ಒಂದು ಎಳೆ ಕಿತ್ತು ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಬೆರಕೆಯಾದರೆ ಕರಗಿ ಮಣಿಯಂತೆ ಗಂಟಾಗುತ್ತದೆ.

ಮಗ್ಗದಿಂದ ಬಂದ ಬಟ್ಟೆಯಲ್ಲಿ ಎರಡು ಅಡ್ಡಿಗಳಿರುತ್ತವೆ. ಹಾಸಿನ ಎಳೆ ತುಂಡಾಗದಿರಲೆಂದು ಬಳಿದ ಗಂಜಿ ಒಂದು, ಹತ್ತಿಯಲ್ಲೇ ಇರುವ ಮೇಣ ಇನ್ನೊಂದು. ಗಂಜಿ ತಣ್ಣೀರಿಗೆ ಸ್ವಲ್ಪ ಬಿಡುತ್ತದೆ, ಮೇಣ ಬಿಡುವುದಿಲ್ಲ. ಒಂದೂವರೆ ಮೀಟರ್ ಪನ್ನದ ಎರಡು ಮೀಟರ್ ಬಟ್ಟೆ ಎಂದರೆ ಸುಮಾರು ಒಂದು ಕಿಲೋ ತೂಕ. ಇದನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ದೊಡ್ಡ ಹಂಡೆಯಲ್ಲಿ 20 ಲೀಟರ್ ನೀರಿಗೆ 100 ಗ್ರಾಂ ವಾಷಿಂಗ್ ಸೋಡಾ ಹಾಕಿ ಮುಕ್ಕಾಲು ಗಂಟೆ ಕುದಿಯ ಹತ್ತಿರ ಇಡುತ್ತೇನೆ. ಮರದ ಕೋಲಿನಿಂದ ಆಗಾಗ ತಿರುವುತ್ತಿರಬೇಕು, ಇಲ್ಲದಿದ್ದರೆ ಮೇಲೆದ್ದ ಭಾಗ ಹಾಗೇ ಉಳಿದು ಮುಂದೆ ಅಲ್ಲಿ ಬಣ್ಣ ಹಿಡಿಯುವುದಿಲ್ಲ. ನೀರು ಹಾಲಿಲ್ಲದ ಟೀ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಬಂದರೆ ಮೇಣ ಬಿಡುತ್ತಿದೆ ಎಂದರ್ಥ. ಸೋಡಾದ ಜಾರಿಕೆ ಕೈಗೆ ಹತ್ತದಷ್ಟು ಸಲ ಜಾಲಿಸಿ, ಕೊನೆಗೊಂದು ಬಕೆಟ್ ನೀರಿಗೆ ಎರಡು ದೊಡ್ಡ ಚಮಚ ವಿನಿಗರ್ ಹಾಕಿ ಅದ್ದಿ, ಮತ್ತೊಮ್ಮೆ ಬರೀ ನೀರಿನಲ್ಲಿ ತೆಗೆಯಿರಿ. ಮಾಮೂಲಿ ಬಟ್ಟೆ ಒಗೆಯುವ ಪುಡಿ ಬೇಡ. ಅದರಲ್ಲಿ ಬಿಳಿ ಹೊಳಪು ಕೊಡುವ ವಸ್ತು ಇರುತ್ತದೆ, ಬಣ್ಣ ಬೀಳದೆ ಉಳಿದ ಜಾಗವೆಲ್ಲ ನೀಲಿಯಾಗಿ ಹೊಳೆದು ಕೋರಾ ಬಟ್ಟೆಯ ಕೆನೆಬಣ್ಣವನ್ನೇ ಕೆಡಿಸುತ್ತದೆ. ಬಟ್ಟೆ ಮೀಟರಿಗೆ 6ರಿಂದ 8 ಸೆಂ.ಮೀ. ಕುಗ್ಗುತ್ತದೆ, ಅದನ್ನು ಲೆಕ್ಕ ಹಿಡಿದೇ ಕೊಳ್ಳಬೇಕು.

ಹಿಂಡಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಹಿಂಡಿದಾಗ ಬಿದ್ದ ನೆರಿಗೆ ಇಸ್ತ್ರಿಯಲ್ಲಿ ಮಾಯವಾದಂತೆ ಕಾಣುತ್ತದೆ, ಆದರೆ ಅಲ್ಲಿ ಎಳೆಗಳು ಸಡಿಲವಾಗಿರುತ್ತವೆ. ಬಣ್ಣ ಬಿದ್ದ ಕೂಡಲೇ ಆ ಸಡಿಲಕ್ಕೆ ಹೆಚ್ಚು ಬಣ್ಣ ಹೋಗಿ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ನೀರು ತೊಟ್ಟಿಕ್ಕುವ ಹಾಗೇ ದಪ್ಪ ಬಿದಿರಿನ ಮೇಲೆ ಹರವಿ, ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ, ಕೊಳವೆಗೆ ಸುತ್ತಿಡಿ. ಮಡಿಸಬಾರದು. ಆಮೇಲೆ ನಾಲ್ಕು ಮೂಲೆ, ನಡುಮಧ್ಯ, ಹೀಗೆ ಐದು ಕಡೆ ಹನಿ ಪರೀಕ್ಷೆ. ಐದೂ ಕಡೆ ಒಂದೇ ವೇಗದಲ್ಲಿ ಹನಿ ಇಳಿಯಬೇಕು.

ನೆಲ ಮಟ್ಟವಾಗಿದೆಯೇ ಎಂಬುದನ್ನು ರಸಮಟ್ಟ ಇಟ್ಟು ನೋಡಿ, ಇಲ್ಲವಾದರೆ ಪ್ಲಾಸ್ಟಿಕ್ ಹಾಳೆ ಹಾಸಿ ಒಂದು ಲೋಟ ನೀರು ಚೆಲ್ಲಿ ಯಾವ ಕಡೆ ಓಡುತ್ತದೆ ನೋಡಿ. ನಮ್ಮ ಮನೆಗಳ ನೆಲ ಸಾಮಾನ್ಯವಾಗಿ ನೀರು ಹೋಗುವ ತೂಬಿನ ಕಡೆಗೆ ಇಳಿಜಾರು ಇರುತ್ತದೆ. ಕಣ್ಣಿಗೆ ಕಾಣದ ಆ ಇಳಿಜಾರು ಬಣ್ಣಕ್ಕೆ ಕಾಣುತ್ತದೆ. ಇನ್ನು ಪ್ಲಾಸ್ಟಿಕ್ ಮೇಲೆ ನೇರವಾಗಿ ಕ್ಯಾನ್ವಾಸ್ ಹಾಸುವುದು ಎಲ್ಲರೂ ಮಾಡುವ ತಪ್ಪು. ಬಟ್ಟೆ ದಾಟಿ ಕೆಳಗಿಳಿದ ಬಣ್ಣಕ್ಕೆ ಹೋಗಲು ಜಾಗವಿಲ್ಲದೆ ಪ್ಲಾಸ್ಟಿಕ್ಕಿನ ಸುಕ್ಕುಗಳಲ್ಲಿ ನಿಂತು, ಮತ್ತೆ ಮೇಲೇರಿ ಆ ಸುಕ್ಕಿನ ಆಕಾರವನ್ನೇ ಚಿತ್ರದ ಮೇಲೆ ಅಚ್ಚೊತ್ತುತ್ತದೆ. ಪ್ಲಾಸ್ಟಿಕ್, ಅದರ ಮೇಲೆ ಹಳೆಯ ಹತ್ತಿ ಜಮಖಾನ ಅಥವಾ ಎರಡು ಪದರ ಬೆಡ್‌ಶೀಟ್, ಅದರ ಮೇಲೆ ಕ್ಯಾನ್ವಾಸ್, ಈ ಕ್ರಮ ನನಗೆ ಒಗ್ಗಿದೆ. ಅಡಿಬಟ್ಟೆಗೂ ಗಂಟು, ಹೊಲಿಗೆ ಇರಬಾರದು. ಅದು ಹೆಚ್ಚಾದ ನೀರನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಬಣ್ಣವೂ ಒಂದಂಶ ಅದಕ್ಕೆ ಹೋಗುತ್ತದೆ. ಆ ನಷ್ಟ ಸಹಿಸಬೇಕು.

ಬಣ್ಣ ಕಲಸುವುದಕ್ಕೆ ನನ್ನ ಅಳತೆ ಇದು: ಕಲಾವಿದರ ದರ್ಜೆಯ ಆಕ್ರಿಲಿಕ್ ಒಂದು ಪಾಲು, ಹೊಳಪಿಲ್ಲದ ಆಕ್ರಿಲಿಕ್ ಮೀಡಿಯಂ (ಬಣ್ಣ ಬೆರೆಸದ ಅದೇ ಅಂಟು) ಒಂದು ಪಾಲು, ನೀರು ನಾಲ್ಕು ಪಾಲು. ತೆಳು ಬೇಕಾದರೆ ನೀರು ಆರು ಪಾಲಿನವರೆಗೆ. ಮೀಡಿಯಂ ಹಾಕದೆ ಬರೀ ನೀರು ಸೇರಿಸಿದರೆ ಅಂಟು ಕಡಿಮೆಯಾಗಿ ಕಣಗಳು ನಾರಿನ ಮೇಲೆ ಬರೀ ಧೂಳಿನಂತೆ ಕೂರುತ್ತವೆ. ಒಣಗಿದ ಮೇಲೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಟ್ಟೆಗೆ ಬಂದರೆ ಅಂಟು ಸಾಲದು. ಮೊದಲು ಬಣ್ಣವನ್ನೂ ಮೀಡಿಯಂ ಅನ್ನೂ ನುಣ್ಣಗೆ ಕಲಸಿ, ಆಮೇಲೆ ನೀರನ್ನು ಚಮಚ ಚಮಚವಾಗಿ ಸೇರಿಸುತ್ತ ಬರಬೇಕು. ಒಂದೇ ಸಲ ನೀರು ಹೊಯ್ದರೆ ರಾಗಿ ಹಿಟ್ಟಿನಂತೆ ಗಂಟಾಗುತ್ತದೆ, ಆ ಗಂಟುಗಳು ಬಟ್ಟೆಯ ಮೇಲೆ ಚುಕ್ಕೆಗಳಾಗಿ ಬೀಳುತ್ತವೆ. ನುಣುಪಾದ ನೈಲಾನ್ ಬಟ್ಟೆಯಲ್ಲಿ ಸೋಸಿ, ನೊರೆ ಇಳಿಯಲು ಅರ್ಧ ಗಂಟೆ ಬಿಡಿ. ಗುಳ್ಳೆ ಸಮೇತ ಸುರಿದರೆ ಪ್ರತಿ ಗುಳ್ಳೆಯೂ ಒಂದು ಉಂಗುರ ಬಿಡುತ್ತದೆ. ಹದ ಎಂದರೆ ನೀರುಮಜ್ಜಿಗೆ. ನೀರುದೋಸೆ ಹಿಟ್ಟಿನಷ್ಟು ದಪ್ಪವಾದರೂ ಬಣ್ಣ ಒಳಗಿಳಿಯದೆ ಮೇಲೆ ಪದರವಾಗಿ ಕೂರುತ್ತದೆ.

ನೀರಿಗೆ ಬಟ್ಟೆಯೊಳಕ್ಕೆ ನುಗ್ಗುವ ಶಕ್ತಿ ಕೊಡಲು ವೆಟಿಂಗ್ ಏಜೆಂಟ್ ಎಂಬ ದ್ರವ ಸಿಗುತ್ತದೆ. ಒಂದೊಂದು ಕಂಪನಿಯದು ಒಂದೊಂದು ಸಾಂದ್ರತೆ, ಬಾಟಲಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಕಡಿಮೆಯ ಅಂಕಿಯನ್ನೇ ಹಿಡಿಯಿರಿ. ನಾನು ಬಳಸುವುದಕ್ಕೆ ಒಂದು ಲೀಟರ್ ನೀರಿಗೆ 50 ಮಿ.ಲೀ. ಸಾಕು. ಜಾಸ್ತಿಯಾದರೆ ಒಣಗಿದ ಮೇಲೂ ಒದ್ದೆ ಬೆರಳಿಗೆ ಬಣ್ಣ ಬಿಡುತ್ತದೆ, ಎರಡನೇ ಬಣ್ಣ ಅಂಕೆಯಿಲ್ಲದೆ ಓಡುತ್ತದೆ. ಪಾತ್ರೆ ತೊಳೆಯುವ ಸೋಪು ಹಾಕುವವರಿದ್ದಾರೆ. ನೊರೆ, ಸುಗಂಧ, ಉಪ್ಪು ಎಲ್ಲವೂ ಬಟ್ಟೆಯಲ್ಲಿ ಉಳಿಯುತ್ತವೆ, ನನಗೆ ಒಪ್ಪಿಗೆಯಿಲ್ಲ.

ಎಲ್ಲ ಬಣ್ಣವೂ ಒಂದೇ ದೂರ ಓಡುವುದಿಲ್ಲ. ಈ ಕೆಲಸದ ಸೊಗಸೆಲ್ಲ ಇಲ್ಲೇ ಇದೆ, ಪೇಚಾಟವೂ ಇಲ್ಲೇ. ಥ್ಯಾಲೋ ನೀಲಿ, ಥ್ಯಾಲೋ ಹಸಿರು, ಕ್ವಿನಾಕ್ರಿಡೋನ್ ಗುಲಾಬಿ ಇವುಗಳ ಕಣ ಬಲು ಸಣ್ಣದು, ನೀರು ಎಲ್ಲಿಗೆ ಹೋದರೆ ಅಲ್ಲಿಗೆ ಹೋಗುತ್ತವೆ. ಅಲ್ಟ್ರಾಮರೀನ್, ಕ್ಯಾಡ್ಮಿಯಂ, ಕೋಬಾಲ್ಟ್ ಭಾರದ ಕಣಗಳು, ಸುರಿದ ಜಾಗದ ಹತ್ತಿರವೇ ಕೂರುತ್ತವೆ. ಅಲ್ಟ್ರಾಮರೀನಿಗೆ ಕ್ವಿನಾಕ್ರಿಡೋನ್ ಬೆರೆಸಿ ನೇರಳೆ ಮಾಡಿ ಸುರಿದರೆ ನಡುವೆ ನೀಲಿ ಕೂತು ಸುತ್ತ ಗುಲಾಬಿ ಅಂಚು ಹೊರಬರುತ್ತದೆ. ಬೇಕೆಂದೇ ಮಾಡಿದರೆ ಅದು ಚೆಂದ. ಬೇಡವಾದರೆ ಒಂದೇ ವರ್ಣದ್ರವ್ಯದ ನೇರಳೆಯನ್ನೇ ಕೊಳ್ಳಿ. ಟ್ಯೂಬಿನ ಹಿಂಬದಿಯಲ್ಲಿ ಪಿಬಿ, ಪಿವಿ ಎಂದು ಶುರುವಾಗುವ ಸಂಕೇತ ಒಂದೇ ಇದ್ದರೆ ಒಂದೇ ದ್ರವ್ಯ. ಬಿಳಿಯನ್ನು ಬೆರೆಸಲೇಬೇಡಿ. ಟೈಟಾನಿಯಂ ಬಿಳಿ ಬಟ್ಟೆಯ ಮೇಲೆ ಸುಣ್ಣದಂತೆ ಕೂತು ಒಳಗಿನ ಬೆಳಕನ್ನು ಮುಚ್ಚುತ್ತದೆ. ಈ ಚಿತ್ರಗಳಲ್ಲಿ ಬೆಳಕು ಬರುವುದು ಬಟ್ಟೆಯಿಂದ, ತಿಳಿ ಬೇಕಾದರೆ ನೀರು ಹೆಚ್ಚಿಸಿ.

ಪ್ರತಿ ಡಬ್ಬಿಯ ಬಣ್ಣವನ್ನೂ ಅದೇ ಬಟ್ಟೆಯ 10 ಸೆಂ.ಮೀ. ಪಟ್ಟಿಯ ಮೇಲೆ ಹಿಂದಿನ ದಿನವೇ ಸುರಿದು ಒಣಗಿಸಿ ನೋಡಬೇಕು. ಒದ್ದೆಯಾಗಿದ್ದಾಗ ಕಂಡ ಗಾಢತೆ ಒಣಗಿದಾಗ ಇರುವುದಿಲ್ಲ, ಬಟ್ಟೆ ಒಣಗುತ್ತ ಬಣ್ಣ ತಿಳಿಯಾಗಿ ಮಂಕಾಗುತ್ತದೆ. ಒದ್ದೆಯಲ್ಲಿ ತುಸು ಜಾಸ್ತಿಯೇ ಎನ್ನಿಸಿದ ಬಣ್ಣ ಒಣಗಿದ ಮೇಲೆ ಸರಿಯಾಗಿರುತ್ತದೆ.

ಎಷ್ಟು ಕಲಸಬೇಕು? ಹತ್ತಿ ಬಟ್ಟೆ ತನ್ನ ತೂಕದಷ್ಟು ನೀರು ಕುಡಿಯುತ್ತದೆ ಎಂದು ಹಿಡಿದರೆ ಲೆಕ್ಕ ಸುಲಭ. ಚದರ ಮೀಟರಿಗೆ 340 ಗ್ರಾಂ ಬಟ್ಟೆಯಾದರೆ 350 ಮಿ.ಲೀ. ಬಣ್ಣಕ್ಕೆ ಆ ಜಾಗ ತುಂಬುತ್ತದೆ. ಅಡಿಬಟ್ಟೆಯ ಪಾಲೆಂದು 50 ಮಿ.ಲೀ. ಸೇರಿಸಿ. 'ಮೌಂಟನ್ಸ್ ಅಂಡ್ ಸೀ' ಸುಮಾರು ಆರೂವರೆ ಚದರ ಮೀಟರ್. ಅಷ್ಟಗಲವನ್ನೂ ತೋಯಿಸಬೇಕಾದರೆ ಎರಡೂವರೆ ಲೀಟರ್ ಆಗುತ್ತಿತ್ತು, ಆದರೆ ಅದರಲ್ಲಿ ಬರಿದಾಗಿ ಬಿಟ್ಟ ಬಟ್ಟೆಯೇ ಧಾರಾಳವಾಗಿದೆ. ಕಲಿಯುವವರು ಒಂದು ಮೀಟರ್ ಚದರದಲ್ಲಿ ಶುರು ಮಾಡಿ, 300 ಮಿ.ಲೀ.ಗಿಂತ ಹೆಚ್ಚು ಬಣ್ಣವನ್ನು ಕೈಗೆ ತಗೊಳ್ಳದಿರುವುದು ಒಳ್ಳೆಯದು.

ಒಣ ಬಟ್ಟೆಗೆ ಸುರಿಯಬೇಕೋ ಒದ್ದೆ ಬಟ್ಟೆಗೋ ಎಂಬುದನ್ನು ಮೊದಲೇ ತೀರ್ಮಾನಿಸಿ. ಒಣ ಬಟ್ಟೆಯಲ್ಲಿ ಅಂಚು ಖಚಿತ, ಸುರಿದ ಆಕಾರ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. 1952ರ ಮಂಜು ಬೇಕಾದರೆ ಬಟ್ಟೆ ಹಸಿಯಾಗಿರಬೇಕು: ಚದರ ಮೀಟರಿಗೆ 150 ಮಿ.ಲೀ. ವೆಟಿಂಗ್ ಏಜೆಂಟ್ ಬೆರೆತ ನೀರನ್ನು ಗಿಡಕ್ಕೆ ಸಿಂಪಡಿಸುವ ಬಾಟಲಿಯಿಂದ ಸಮನಾಗಿ ಸಿಂಪಡಿಸಿ ಹತ್ತು ನಿಮಿಷ ಬಿಡಿ. ಅಂಗೈ ಒತ್ತಿದರೆ ತಂಪು ತಾಗಬೇಕು, ಕೈಗೆ ನೀರು ಹತ್ತಬಾರದು. ಆ ಹದ. ಕೈಗೆ ನೀರು ಹತ್ತಿದರೆ ಸುರಿದ ಬಣ್ಣ ಗುರುತಿಲ್ಲದ ಹಾಗೆ ತೇಲಿಹೋಗುತ್ತದೆ.

ಸುರಿಯುವಾಗ ಮಗ್ಗು ಬಟ್ಟೆಯಿಂದ 10ರಿಂದ 15 ಸೆಂ.ಮೀ. ಮೇಲಿರಲಿ, ಎತ್ತರ ಹೆಚ್ಚಾದರೆ ಸಿಡಿಯುತ್ತದೆ. ಶುರುವಿಗಿಂತ ನಿಲ್ಲಿಸುವುದು ಕಷ್ಟ. ಮಗ್ಗನ್ನು ಮೆಲ್ಲಗೆ ನೆಟ್ಟಗೆ ಮಾಡಿದರೆ ಕೊನೆಯ ಐದಾರು ಹನಿಗಳು ಬೇಡದ ಕಡೆ ಬೀಳುತ್ತವೆ. ತಟ್ಟನೆ ಎತ್ತಿ, ಬಾಯಿಯ ಕೆಳಗೆ ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿಯಬೇಕು. ಬಣ್ಣ ಮೇಲೆ ಮಡುವಾಗಿ ನಿಂತಿರುವುದು ಒಂದರಿಂದ ಮೂರು ನಿಮಿಷ. ಮಾಡುವುದೆಲ್ಲ ಅಷ್ಟರೊಳಗೆ. ಫ್ರಾಂಕೆಂಥಾಲರ್ ಸ್ಪಂಜು, ರಬ್ಬರ್ ಪಟ್ಟಿ, ಮನೆಗೆ ಬಣ್ಣ ಬಳಿಯುವ ಅಗಲ ಬ್ರಶ್ ಎಲ್ಲವನ್ನೂ ಬಳಸುತ್ತಿದ್ದರು. ನೆಲ ಒರೆಸುವ ವೈಪರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಒತ್ತದೆ, 45 ಡಿಗ್ರಿ ಬಾಗಿಸಿ, ಒಂದೇ ಎಳೆತ. ಒತ್ತಿದರೆ ರಬ್ಬರಿನ ಎರಡು ತುದಿಗಳು ರೈಲು ಹಳಿಯಂತೆ ಗೆರೆ ಬಿಡುತ್ತವೆ. ಬಟ್ಟೆಯ ನಡುವಿಗೆ ಕೈ ಎಟುಕದಿದ್ದರೆ ಎರಡು ಬದಿಗೆ ಇಟ್ಟಿಗೆ ಇಟ್ಟು ಹಲಗೆ ಅಡ್ಡ ಹಾಕಿಕೊಳ್ಳಿ.

ಐದು ನಿಮಿಷವಾದರೂ ಮಡು ಇಳಿಯದಿದ್ದರೆ ಬಟ್ಟೆಗೆ ಹೊಟ್ಟೆ ತುಂಬಿದೆ. ಬಿಟ್ಟರೆ ಅದು ಮೇಲೇ ಒಣಗಿ ಹೊಳೆಯುವ ತೇಪೆಯಾಗುತ್ತದೆ. ಎದುರಿನಿಂದ ಕಾಣುವುದಿಲ್ಲ, ಪಕ್ಕದ ಕಿಟಕಿಯ ಬೆಳಕಿಗೆ ಪ್ಲಾಸ್ಟಿಕ್ ತುಂಡಿನಂತೆ ಮಿನುಗುತ್ತದೆ. ನಾನು ಕಂಡ ಸೋಲುಗಳಲ್ಲಿ ಹೆಚ್ಚಿನವು ಈ ತೇಪೆಯವೇ. ಒದ್ದೆ ಮಾಡಿ ಹಿಂಡಿದ ಸ್ಪಂಜಿನ ಮೂಲೆಯನ್ನು ಮಡುವಿಗೆ ತಾಗಿಸಿ, ಒತ್ತದೆ, ಅದು ತಾನೇ ಹೀರುವವರೆಗೆ ಹಿಡಿದುಕೊಳ್ಳಿ.

ಎರಡನೇ ಬಣ್ಣ ಹತ್ತು ನಿಮಿಷದೊಳಗೆ ಬಿದ್ದರೆ ಮೊದಲನೆಯದರೊಂದಿಗೆ ಬೆರೆಯುತ್ತದೆ. ಒಣಗಿದ ಮೇಲೆ ಬಿದ್ದರೆ ಬೇರೆಯೇ ಕಥೆ: ಆಕ್ರಿಲಿಕ್ ಅಂಟು ನಾರನ್ನು ಅರ್ಧ ಮುಚ್ಚಿರುತ್ತದೆ, ಬಟ್ಟೆ ಮೊದಲಿನಷ್ಟು ಕುಡಿಯುವುದಿಲ್ಲ, ಅಂಚು ಗಡುಸಾಗುತ್ತದೆ. ಮೂರನೇ ಪದರಕ್ಕೆ ಬರುವಷ್ಟರಲ್ಲಿ ಅದು ಬಣ್ಣ ಕುಡಿಸುವ ಕೆಲಸವಾಗಿ ಉಳಿದಿರುವುದಿಲ್ಲ. ಹಾಗಾಗಿಯೇ ಫ್ರಾಂಕೆಂಥಾಲರ್ ಅವರ ಅನೇಕ ಚಿತ್ರಗಳಲ್ಲಿ ಬಣ್ಣಗಳ ನಡುವೆ ಸಂದು ಬಿಟ್ಟಿರುವುದನ್ನು ಗಮನಿಸಬೇಕು. ಆ ಬರಿಯ ಬಟ್ಟೆಯ ಸಂದು ಬಣ್ಣದಷ್ಟೇ ಯೋಚಿಸಿ ಇಟ್ಟದ್ದು. ಇದನ್ನೆಲ್ಲ ಆಕಸ್ಮಿಕ ಎನ್ನುವವರು ಒಮ್ಮೆ ಮಗ್ಗು ಹಿಡಿದು ಎರಡು ಬಣ್ಣಗಳ ನಡುವೆ ಎರಡು ಬೆರಳಷ್ಟು ಜಾಗ ಉಳಿಸಿ ತೋರಿಸಲಿ.

ಇದ್ದಲಿನ ಗೆರೆ ಮೊದಲೇ ಎಳೆಯುವುದಾದರೆ ಹಗುರವಾಗಿ ಎಳೆದು, ಬಟ್ಟೆಯನ್ನು ಹಿಂಬದಿಯಿಂದ ತಟ್ಟಿ ಪುಡಿ ಉದುರಿಸಿ. ಟರ್ಪೆಂಟೈನ್‌ಗಿಂತ ನೀರಿನಲ್ಲಿ ಇದ್ದಲು ಹೆಚ್ಚು ಕಲಕುತ್ತದೆ. ಗೆರೆ ನಿಲ್ಲಲೆಂದು ಫಿಕ್ಸೇಟಿವ್ ಸಿಂಪಡಿಸಿದರೆ ಅಲ್ಲಿ ನೀರು ಇಳಿಯುವುದಿಲ್ಲ.

ಒಣಗುವುದನ್ನು ಅವಸರಿಸಬೇಡಿ. ಬಣ್ಣದ ಅಂಚು ಮೊದಲು ಒಣಗುತ್ತದೆ, ನಡುವಿನ ನೀರು ಕಣಗಳನ್ನು ಹೊತ್ತುಕೊಂಡು ಅಂಚಿನ ಕಡೆ ಹರಿಯುತ್ತದೆ, ಅಲ್ಲಿ ಗಾಢ ಗೆರೆ ಕಟ್ಟುತ್ತದೆ. ಮೇಜಿನ ಮೇಲೆ ಒಣಗಿದ ಕಾಫಿ ಹನಿಯ ಸುತ್ತ ಕಾಣುವುದೂ ಇದೇ. ಫ್ಯಾನ್ ಹಾಕಿದಷ್ಟೂ ಗೆರೆ ಗಾಢ. ಗೆರೆ ಬೇಡವೆಂದರೆ ಫ್ಯಾನ್ ನಿಲ್ಲಿಸಿ, ಮೊದಲ ಒಂದು ಗಂಟೆ ಅಂಚಿನ ಹೊರಗಿನ ಬಟ್ಟೆಗೆ ಹತ್ತು ನಿಮಿಷಕ್ಕೊಮ್ಮೆ ಸಣ್ಣಗೆ ನೀರು ಸಿಂಪಡಿಸಿ. ಬೇಕೆಂದರೆ ಹಾಗೇ ಬಿಡಿ. ಬೇಸಿಗೆಯಲ್ಲಿ ಒಂದು ಹಗಲು ಒಂದು ರಾತ್ರಿ ಸಾಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನಲ್ಲಿ, ಎರಡು ದಿನ ಕಳೆದರೂ ಅಡಿಬಟ್ಟೆ ಹಸಿಯಾಗಿಯೇ ಇರುತ್ತದೆ, ಬರಿಯ ಹತ್ತಿಗೆ ಕಪ್ಪು ಬೂಷ್ಟಿನ ಚುಕ್ಕೆ ಹತ್ತುತ್ತದೆ. ಮೇಲಿನ ಒದ್ದೆ ಹೊಳಪು ಆರಿದ ಕೂಡಲೇ ಇಬ್ಬರು ನಾಲ್ಕು ಮೂಲೆ ಹಿಡಿದು ಎತ್ತಿ, ಅಡಿಬಟ್ಟೆ ಬದಲಿಸಿ. ಬೂಷ್ಟು ಹತ್ತಿದ ಕ್ಯಾನ್ವಾಸನ್ನು ಉಳಿಸಿಕೊಳ್ಳುವ ದಾರಿ ನನಗೆ ಸಿಕ್ಕಿಲ್ಲ. ಜುಲೈ ಆಗಸ್ಟ್‌ನಲ್ಲಿ ದೊಡ್ಡ ಬಟ್ಟೆಗೆ ಕೈ ಹಾಕದಿರುವುದೇ ಲೇಸು.

ತಪ್ಪಿದ್ದನ್ನು ಮುಚ್ಚಲು ಇಲ್ಲಿ ಆಗುವುದಿಲ್ಲ. ಬಿದ್ದ ಮೊದಲ ನಿಮಿಷದಲ್ಲಿ ಶುದ್ಧ ನೀರು ಸುರಿದು ಬಣ್ಣವನ್ನು ಮುಂದೆ ತಳ್ಳಬಹುದು, ತೆಗೆಯಲಾಗದು. ಉಳಿದ ಉಪಾಯ ಒಂದೇ, ಕತ್ತರಿಸುವುದು. ಫ್ರಾಂಕೆಂಥಾಲರ್ ಬೇಕಾದ್ದಕ್ಕಿಂತ ದೊಡ್ಡ ಬಟ್ಟೆಯಲ್ಲಿ ಕೆಲಸ ಮಾಡಿ, ಒಣಗಿದ ಮೇಲೆ ಚಿತ್ರದ ಎಲ್ಲೆ ಎಲ್ಲಿ, ಮೇಲು ಕೆಳಗು ಯಾವುದು ಎಂದು ನಿರ್ಧರಿಸುತ್ತಿದ್ದುದುಂಟು. ಇದನ್ನು ರಿಪೇರಿ ಎಂದು ನೋಡಬಾರದು, ರಚನೆಯ ಅರ್ಧ ಭಾಗ ಆಗಲೇ ನಡೆಯುವುದು. ನಾಲ್ಕು ಉದ್ದ ಬಿಳಿ ಕಾಗದದ ಪಟ್ಟಿ ಮಾಡಿಕೊಂಡು, ಬಟ್ಟೆಯ ಮೇಲೆ ಚೌಕಟ್ಟಿನಂತೆ ಇಟ್ಟು, ಏಣಿ ಹತ್ತಿ ಮೇಲಿನಿಂದ ನೋಡಿ. ಒಂದು ಅಂಚನ್ನು ನಾಲ್ಕು ಬೆರಳಷ್ಟು ಒಳಗೆ ಸರಿಸಿದರೆ ಸತ್ತಂತಿದ್ದ ಖಾಲಿ ಜಾಗಕ್ಕೆ ಜೀವ ಬರುವುದುಂಟು. ಸುತ್ತ 8 ಸೆಂ.ಮೀ. ಬಿಟ್ಟು ಕತ್ತರಿಸಿ, ಅದು ಮಡಿಚಲು ಬೇಕು.

ಚೌಕಟ್ಟಿನ ಪಟ್ಟಿಗಳ ಒಳ ಅಂಚು ಇಳಿಜಾರಾಗಿ ತೆಗೆದದ್ದಾಗಿರಬೇಕು. ಚಪ್ಪಟೆ ಪಟ್ಟಿಯಾದರೆ ಬಟ್ಟೆ ಅದಕ್ಕೆ ತಾಗಿ ಕೆಲವೇ ತಿಂಗಳಲ್ಲಿ ಮುಂಬದಿಯಲ್ಲಿ ಗೆರೆ ಮೂಡುತ್ತದೆ, ಬಣ್ಣದ ಪದರವಿಲ್ಲದ ಬಟ್ಟೆಯಲ್ಲಿ ಇದು ಬೇಗ ಕಾಣುತ್ತದೆ. ಬಣ್ಣ ಕುಡಿದ ಭಾಗ ಬಿಗಿಯಾಗಿ, ಕುಡಿಯದ ಭಾಗ ಸಡಿಲವಾಗಿ ಇರುವುದರಿಂದ ಒಂದೇ ಸಮ ಎಳೆದರೆ ಓರೆಯಾಗುತ್ತದೆ. ನಾಲ್ಕು ಬದಿಯ ನಡುವೆ ಒಂದೊಂದು ಪಿನ್ನು, ಆಮೇಲೆ ಎದುರುಬದುರು ಎಳೆಯುತ್ತ ಮೂಲೆಯ ಕಡೆ ಸಾಗಬೇಕು. ಅಗಲ ಬಾಯಿಯ ಇಕ್ಕಳದ ಹಲ್ಲಿಗೆ ಬಟ್ಟೆ ಸುತ್ತಿಕೊಳ್ಳಿ. ಕೈ ತೊಳೆದು ಒರೆಸಿಕೊಂಡು, ಹತ್ತಿಯ ಕೈಗವಸು ಹಾಕಿಕೊಂಡೇ ಈ ಕೆಲಸ. ಬರಿಯ ಬಟ್ಟೆಗೆ ತಾಗಿದ ಬೆರಳಿನ ಜಿಡ್ಡು ಇವತ್ತು ಕಾಣುವುದಿಲ್ಲ, ಕೆಲವು ವರ್ಷಕ್ಕೆ ಹಳದಿ ಬೆರಳಚ್ಚಾಗಿ ಮೇಲೇಳುತ್ತದೆ.

ವಾರ್ನಿಶ್ ಬೇಡ. ಅದು ಬರಿಯ ಬಟ್ಟೆಯನ್ನು ಒದ್ದೆ ಮಾಡಿದಂತೆ ಕಪ್ಪಾಗಿಸುತ್ತದೆ, ಬಣ್ಣಕ್ಕೂ ಬಟ್ಟೆಗೂ ಇದ್ದ ಸಂಬಂಧ ಅಲ್ಲಿಗೆ ಮುಗಿಯುತ್ತದೆ. ಧೂಳು ಕೂತರೆ ಮೆತ್ತನೆಯ ಒಣ ಬ್ರಶ್ ಮಾತ್ರ, ಒದ್ದೆ ಬಟ್ಟೆ ಮುಟ್ಟಿಸಿದರೆ ನೀರಿನ ಗೆರೆ ಕಟ್ಟುತ್ತದೆ. 2006ರಲ್ಲಿ ಡೆಟ್ರಾಯಿಟ್ ಕಲಾ ಸಂಗ್ರಹಾಲಯಕ್ಕೆ ಶಾಲೆಯಿಂದ ಬಂದ 12 ವರ್ಷದ ಹುಡುಗನೊಬ್ಬ 'ದ ಬೇ' ಚಿತ್ರಕ್ಕೆ ಚೂಯಿಂಗ್ ಗಮ್ ಅಂಟಿಸಿದ್ದ. ಗಮ್ ಕಿತ್ತ ಮೇಲೆ ನಾಣ್ಯದಗಲದ ಕಲೆ ಉಳಿಯಿತು, ಅದನ್ನು ತೆಗೆಯಲು ಸಂರಕ್ಷಣಾ ತಜ್ಞರೇ ಬೇಕಾಯಿತು. ಗಟ್ಟಿ ವಾರ್ನಿಶ್ ಇದ್ದ ಹಳೆಯ ತೈಲಚಿತ್ರದ ಮೇಲಾಗಿದ್ದರೆ ಗಮ್ ಮೇಲಿನ ಪದರದಲ್ಲೇ ನಿಲ್ಲುತ್ತಿತ್ತು. ಇಲ್ಲಿ ಬಣ್ಣ ಹೋದ ದಾರಿಯಲ್ಲೇ ಜಿಡ್ಡೂ ಒಳಗೆ ಹೋಗುತ್ತದೆ. ಮನೆಯಲ್ಲಿ ನೇತುಹಾಕುವುದಾದರೆ ಅಡುಗೆಮನೆಯ ಒಗ್ಗರಣೆ ಹೊಗೆ, ಊದುಬತ್ತಿಯ ಹೊಗೆ, ನೇರ ಬಿಸಿಲು ಮೂರೂ ತಾಗದ ಗೋಡೆ ನೋಡಿಕೊಳ್ಳಿ. ಹಿಂಬದಿಗೆ ತೆಳು ಹಲಗೆ ಬಿಗಿದು, ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿಯಾಡಲು ಬೆರಳಗಲ ಜಾಗ ಬಿಡಿ. ನಡೆದಾಡುವವರ ಭುಜ ತಾಗುವ ಕಿರಿದಾದ ಪಡಸಾಲೆಯಲ್ಲಿ ಮಾತ್ರ ಹಾಕಬೇಡಿ.